ತಾಮ್ರದ ಜೋಡಿತಂತಿ

ಮಾತಿಗೆಂದು ಹೂಳಿದ ತಾಮ್ರದ ತಂತಿಯಲ್ಲಿ ಚಿತ್ರವೂ ಹರಿದೀತೆಂದು ಹೂಳಿದವರು ಎಣಿಸಿರಲಿಲ್ಲ. ಟೆಲಿಫೋನಿನ ಮಾತಿಗೆ ಸೆಕೆಂಡಿಗೆ 300ರಿಂದ 3,400 ಕಂಪನಗಳಿದ್ದರೆ ಸಾಕು. ಅದರಾಚೆ ಹತ್ತು ಲಕ್ಷ ಮೀರಿದ ಕಂಪನಗಳವರೆಗೆ ತಂತಿ ಬರಿದೇ ಬಿದ್ದಿತ್ತು. ಬ್ರಾಡ್‌ಬ್ಯಾಂಡ್ ಬಿಡಾರ ಹೂಡಿದ್ದು ಅಲ್ಲಿಯೇ.

ತೊಡಕಿದ್ದುದು ನೆರೆಹೊರೆಯದು. ಒಂದೇ ಕೇಬಲ್ಲಿನಲ್ಲಿ ನೂರಾರು ಜೋಡಿತಂತಿಗಳು. ಒಂದರ ಸದ್ದು ಇನ್ನೊಂದಕ್ಕೆ ಸೋರುತ್ತದೆ. ಎರಡು ದಿಕ್ಕಿಗೂ ಸಮವೇಗ ಬೇಕೆಂದರೆ ಈ ಗದ್ದಲವೇ ಅಡ್ಡಿ. 1980ರ ದಶಕದ ಕೊನೆಗೆ ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್‌ಲೈಡರ್ ಆ ಸಮತೆಯನ್ನೇ ಕೈಬಿಟ್ಟರು: ಮನೆಗೆ ಬರುವುದು ಹೆಚ್ಚು, ಹೋಗುವುದು ಕಡಿಮೆ. ಸಂಬಳದ ಲೆಕ್ಕಕ್ಕೆ ತೀರ ವಿರುದ್ಧ! ಸ್ಟ್ಯಾನ್‌ಫರ್ಡಿನ ಜಾನ್ ಸಿಯೋಫಿ ತಂತಿಯ ಹರವನ್ನು 256 ಕಿರುಕಾಲುವೆಗಳಾಗಿ ಸೀಳುವ ವಿಧಾನವನ್ನು ಹದಗೊಳಿಸಿದರು. ಗದ್ದಲದ ಕಾಲುವೆಗೆ ಕಡಿಮೆ ಹೊರೆ, ಶಾಂತವಾದುದಕ್ಕೆ ಹೆಚ್ಚು.

ವಿನೋದವೆಂದರೆ, 1900ರ ಸುಮಾರಿನಿಂದ ಮಾತನ್ನು ದೂರ ಮುಟ್ಟಿಸಲು ತಂತಿಗೆ ಸೇರಿಸಿದ್ದ ಸುರುಳಿಗಳೇ ಮೇಲಿನ ಕಂಪನಗಳನ್ನು ತಡೆದವು. ಹಿಂದಿನವರು ಜತನದಿಂದ ಕೂಡಿಸಿದ್ದನ್ನು ಮುಂದಿನವರು ಹುಡುಕಿ ಹುಡುಕಿ ಕಿತ್ತುಹಾಕಬೇಕಾಯಿತು.