ಯೋಧರೂ ಲೋಕಸಭೆಯೂ: ಹಳಿಯಾಳ ಸೀಮೆಯಿಂದ ಒಂದು ವಿಚಾರ

ದಾಂಡೇಲಿ, ಹಳಿಯಾಳ, ಜೋಯಿಡಾಗಳು ಇಂದು ಹಳಿಯಾಳ ವಿಧಾನಸಭಾ ಕ್ಷೇತ್ರದಲ್ಲಿಯೂ ಮುಂಡಗೋಡವು ಯಲ್ಲಾಪುರ ಕ್ಷೇತ್ರದಲ್ಲಿಯೂ ಅಡಕವಾಗಿವೆ. ಎರಡೂ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಅಂಗಗಳು. ಈ ಸೀಮೆಗೆ ಸಮೀಪದ ದೊಡ್ಡ ಸೇನಾನೆಲೆ ಬೆಳಗಾವಿ. 1922ರಿಂದ ಅಲ್ಲಿ ಮರಾಠಾ ಪದಾತಿದಳದ ತರಬೇತಿ ಕೇಂದ್ರವಿದೆ. ಆದಕಾರಣ, ಸೇನೆಯಿಂದ ಮರಳಿದವನಿಗೆ ಲೋಕಸಭೆಯ ಬಾಗಿಲು ಹೇಗೆ ತೆರೆಯಿತೆಂಬ ಪ್ರಶ್ನೆ ಇಲ್ಲಿಯ ಚರಿತ್ರೆಗೂ ಸೇರಿದುದು.

1952ರ ಮೊದಲ ಚುನಾವಣೆಯ ಕಾಲಕ್ಕೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಕೆನರಾ ಕ್ಷೇತ್ರವು ನ್ಯಾಯವಾದಿಯೂ ಪತ್ರಕರ್ತರೂ ಆದ ಜೋಕಿಂ ಆಳ್ವರನ್ನು ಆರಿಸಿತು. ಅದೇ ರಾಜ್ಯದ ಉತ್ತರ ರತ್ನಾಗಿರಿಯಿಂದ ಆಯ್ಕೆಯಾದವರು ಜಗನ್ನಾಥರಾವ್ ಭೋಂಸಲೆ. ಸಾವಂತವಾಡಿಯ ಈ ಮಹನೀಯರು ಮರಾಠಾ ಪದಾತಿದಳದ ಅಧಿಕಾರಿಗಳಾಗಿದ್ದರು. 1942ರಲ್ಲಿ ಸಿಂಗಾಪುರದಲ್ಲಿ ಸೆರೆಸಿಕ್ಕು ಆಜಾದ್ ಹಿಂದ್ ಸೇನೆಯನ್ನು ಸೇರಿದರು. ಮುಂದೆ ಕೇಂದ್ರದ ಪುನರ್ವಸತಿ ಉಪಮಂತ್ರಿಗಳಾಗಿ 1954ರಲ್ಲಿ ರಾಷ್ಟ್ರೀಯ ಶಿಸ್ತು ಯೋಜನೆಯನ್ನು ನಿರಾಶ್ರಿತರ ಮಕ್ಕಳಿಂದ ಆರಂಭಿಸಿದರು.

ಮೇಲ್ನೋಟಕ್ಕೆ ಒಬ್ಬರು ಲೇಖನಿಯವರು, ಇನ್ನೊಬ್ಬರು ಖಡ್ಗದವರು. ಆದರೆ ಇಬ್ಬರಿಗೂ ಬಲವಾಗಿ ನಿಂತುದು ಸ್ವಾತಂತ್ರ್ಯ ಹೋರಾಟದ ನೆನಪೇ ಎಂದು ನನಗೆ ತೋರುತ್ತದೆ. ಸೈನಿಕ ಪದವಿಯೊಂದೇ ಮತದಾರನನ್ನು ಒಲಿಸಲಾರದೆಂಬುದಕ್ಕೆ ನಮ್ಮ ನಾಡಿನವರೇ ನಿದರ್ಶನ: ದೇಶದ ಮೊದಲ ಭಾರತೀಯ ಸೇನಾಧಿಪತಿಗಳಾದ ಕೊಡಗಿನ ಕೆ. ಎಂ. ಕಾರ್ಯಪ್ಪನವರು 1971ರಲ್ಲಿ ಮುಂಬಯಿಯಿಂದ ಸ್ಪರ್ಧಿಸಿ ಸೋತರು, ಕ್ಯಾಪ್ಟನ್ ಜಿ. ಆರ್. ಗೋಪಿನಾಥರು 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಪಕ್ಷೇತರರಾಗಿ ನಿಂತು ಸೋತರು. 2024ರಲ್ಲಿ ದಕ್ಷಿಣ ಕನ್ನಡದಿಂದ ಗೆದ್ದ ಗೂರ್ಖಾ ದಳದ ಮಾಜಿ ಅಧಿಕಾರಿ ಕ್ಯಾಪ್ಟನ್ ಬ್ರಿಜೇಶ್ ಚೌಟರ ಹಿಂದೆ ಪಕ್ಷದ ಸಂಘಟನೆಯಿತ್ತು.

ಇಲ್ಲೊಂದು ಅಂಶ ಗಮನಾರ್ಹ. ಗೆದ್ದವರಾಗಲಿ ಸೋತವರಾಗಲಿ, ಇವರೆಲ್ಲರೂ ಅಧಿಕಾರಿಗಳು; ಸಾಮಾನ್ಯ ಸಿಪಾಯಿಯ ಹೆಸರು ಈ ಸಾಲಿನಲ್ಲಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಸೇವೆಯಲ್ಲಿರುವ ಸಿಪಾಯಿಗೆ ತನ್ನೂರಿನ ಮತದಾರ ಪಟ್ಟಿಯಲ್ಲಿಯೇ ಸ್ಥಾನವಿತ್ತಿದೆ. ಆದರೆ ಆತನು ಚುನಾವಣೆಗೆ ನಿಲ್ಲುವಂತಿಲ್ಲ. ಸೇನಾ ನಿಯಮಗಳು ರಾಜಕೀಯ ಚಟುವಟಿಕೆಯನ್ನು ನಿಷೇಧಿಸುತ್ತವೆ. ಸೈನ್ಯವು ರಾಜಕೀಯದಿಂದ ದೂರವಿರಬೇಕೆಂಬ ಈ ಕಟ್ಟಳೆ ಪ್ರಜಾಪ್ರಭುತ್ವಕ್ಕೆ ಹಿತಕರವೇ ಸರಿ. ಆದರೆ ಅದರ ಬೆಲೆಯನ್ನು ತೆರುವವನು ಸಿಪಾಯಿ. ಯೌವನದ ವರ್ಷಗಳನ್ನು ಗಡಿಯಲ್ಲಿ ಕಳೆದು ಮರಳುವಾಗ, ಊರಿನ ಸಹಕಾರಿ ಸಂಘ, ಪಂಚಾಯತಿ, ಪಕ್ಷಗಳಲ್ಲಿ ಅವನ ಓರಗೆಯವರು ಆಗಲೇ ಬೇರೂರಿರುತ್ತಾರೆ.

ಆದುದರಿಂದ ಲೋಕಸಭೆಯಲ್ಲಿ ಮಾಜಿ ಯೋಧರೆಷ್ಟು ಮಂದಿ ಎಂದು ಎಣಿಸಿದರೆ ಸಾಲದು. ಅವರು ಸೇನೆಯ ಯಾವ ಶ್ರೇಣಿಯಿಂದ ಬಂದವರೆಂದೂ ಕೇಳಬೇಕು. ಸಿಪಾಯಿಗಳ ಅನುಭವವು ಶಾಸನಸಭೆಯ ಕಡತಗಳಲ್ಲಿ ದೊರೆಯದಿದ್ದರೆ, ಅದನ್ನು ಹಳಿಯಾಳ, ಮುಂಡಗೋಡ ಸೀಮೆಯ ಮನೆಗಳಲ್ಲಿ, ಹೇಳುವವರು ಇರುವಾಗಲೇ ಕೇಳಿ ಬರೆದಿಡುವುದು ಇತಿಹಾಸಕಾರನ ಕರ್ತವ್ಯ.