ಶಸ್ತ್ರಕ್ಕೆ ಸಿಗದ ಕೋಶಗಳು

ಮೇದೋಜೀರಕ ಗ್ರಂಥಿ ಜಠರದ ಹಿಂದೆ ಅಡಗಿರುವ ಅಂಗ. ಅದರ ಕ್ಯಾನ್ಸರನ್ನು ಕತ್ತರಿಸಿ ತೆಗೆಯುವ ಯತ್ನಕ್ಕೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. 1909ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಶ್ ಗ್ರಂಥಿಯ ತಲೆಭಾಗವನ್ನೂ ಅದಕ್ಕೆ ಅಂಟಿದ ಸಣ್ಣಕರುಳನ್ನೂ ತೆಗೆದರು. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ಪ್ರಕಟಿಸಿದ ವಿಧಾನ, ಹಲವು ಸುಧಾರಣೆಗಳೊಂದಿಗೆ, ಇಂದಿಗೂ ಅವರ ಹೆಸರಿನಲ್ಲಿಯೇ ಇದೆ.

ಆಗ ರೋಗಿಯು ಶಸ್ತ್ರಚಿಕಿತ್ಸೆಯಿಂದ ಬದುಕಿ ಬರುವುದೇ ಕಷ್ಟವಾಗಿತ್ತು. ಕ್ರಮೇಣ ಅನುಭವಿ ಆಸ್ಪತ್ರೆಗಳಲ್ಲಿ ಇಂಥ ಸಾವು ಶೇಕಡಾ 5ಕ್ಕಿಂತ ಕಡಿಮೆಯಾಯಿತು. ಆದರೆ ರೋಗ ಮರಳುತ್ತಲೇ ಇತ್ತು. ಏಕೆ?

ಮರಳಿದ ಜಾಗಗಳೇ ಉತ್ತರ ಹೇಳಿದವು. ಕೆಲವರಲ್ಲಿ ಅದು ಕತ್ತರಿಸಿದ ಜಾಗದಲ್ಲಿಯೇ ಬೆಳೆಯಿತು. ಅನೇಕರಲ್ಲಿ ಯಕೃತ್ತಿನಲ್ಲಿ, ಅದೂ ಬಹುಬೇಗ ಕಾಣಿಸಿಕೊಂಡಿತು. ಈ ಗ್ರಂಥಿಯ ರಕ್ತ ಮೊದಲು ಹರಿಯುವುದು ಯಕೃತ್ತಿಗೇ ಅಲ್ಲವೇ? ಶ್ವಾಸಕೋಶದಲ್ಲಿ ಮಾತ್ರ ಮರಳುವ ರೋಗ ಸಾಮಾನ್ಯವಾಗಿ ತಡವಾಗಿ ಬರುತ್ತದೆ. ಎಂದರೆ, ಕಣ್ಣಿಗೆ ಕಾಣದ ಕೋಶಗಳು ಎಷ್ಟೋ ಸಲ ಶಸ್ತ್ರಚಿಕಿತ್ಸೆಗೆ ಮೊದಲೇ ಹೊರಟುಹೋಗಿರುತ್ತವೆ. ಸುತ್ತಲಿನ ದುಗ್ಧಗ್ರಂಥಿಗಳನ್ನು ಇನ್ನಷ್ಟು ವಿಶಾಲವಾಗಿ ತೆಗೆದು ನೋಡಿದರೂ ಆಯುಸ್ಸು ಹೆಚ್ಚಲಿಲ್ಲ.

ಹೀಗಾಗಿ ಶಸ್ತ್ರದ ಜೊತೆಗೆ ಔಷಧವೂ ಬಂದಿತು. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರೋಗ ಮರಳದೆ ಕಳೆದ ಅವಧಿಯ ಮಧ್ಯಾಂಕ ಶಸ್ತ್ರಚಿಕಿತ್ಸೆ ಮಾತ್ರ ಆದವರಲ್ಲಿ 6.9 ತಿಂಗಳು, ನಂತರ ಜೆಮ್‌ಸಿಟಬಿನ್ ಪಡೆದವರಲ್ಲಿ 13.4. 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಹಲವು ಔಷಧಗಳನ್ನು ಕೂಡಿಸಿ ಕೊಟ್ಟಾಗ ಅದು 21.6 ತಿಂಗಳಿಗೆ ಏರಿತು.

ಇಷ್ಟಾದರೂ ಬಹುಪಾಲು ರೋಗಿಗಳಲ್ಲಿ ರೋಗ ಮರಳುತ್ತದೆ. ವಿದ್ಯಾರ್ಥಿ ಮಿತ್ರರೇ, ಹೊರಟುಹೋದ ಆ ಕೋಶಗಳನ್ನು ಗೆಡ್ಡೆಯಾಗುವ ಮೊದಲೇ ಹಿಡಿಯುವ ಕೆಲಸ ನಿಮ್ಮ ಪೀಳಿಗೆಗೆ ಉಳಿದಿದೆ.