ಹಸಿರು ಖರೀದಿ

ಕಚೇರಿ, ಕಾರ್ಖಾನೆಗಳು ಸರಕು ಕೊಳ್ಳುವಾಗ ಬೆಲೆ, ಗುಣಮಟ್ಟಗಳ ಜೊತೆಗೆ ಪರಿಸರದ ಮೇಲಾಗುವ ಪರಿಣಾಮವನ್ನೂ ಲೆಕ್ಕಕ್ಕೆ ಹಿಡಿಯುವ ಪದ್ಧತಿ. ಜಪಾನ್ 2000ರಲ್ಲಿ ಇದಕ್ಕೆಂದೇ ಕಾಯ್ದೆ ತಂದಿತು.

ಪರಿಸರಸ್ನೇಹಿ ಸರಕುಗಳನ್ನು ಗುರುತಿಸಲೆಂದು ಭಾರತ 1991ರಲ್ಲಿ ಆರಂಭಿಸಿದ ಇಕೋಮಾರ್ಕ್‌ನ ಲಾಂಛನ ಮಣ್ಣಿನ ಮಡಕೆ. ಲಾಂಛನ ಚೆಂದವಿದ್ದರೂ ಉದ್ಯಮಗಳು ಅದರತ್ತ ಅಷ್ಟಾಗಿ ಸುಳಿಯಲಿಲ್ಲ. 2006ರಲ್ಲಿ ಬಂದ ಇಂಧನ ದಕ್ಷತಾ ಬ್ಯೂರೊದ ಸ್ಟಾರ್ ಲೇಬಲ್ ಮಾತ್ರ ಮನೆಮಾತಾಯಿತು.

ಖರೀದಿ ವಿಭಾಗಗಳು ಎಡವುವುದು ಹೆಚ್ಚಾಗಿ ಬರವಣಿಗೆಯಲ್ಲೇ. ಟೆಂಡರಿನಲ್ಲಿ ‘ಪರಿಸರಸ್ನೇಹಿ ಎ.ಸಿ.’ ಎಂದಷ್ಟೇ ಇದ್ದರೆ ಪೂರೈಕೆದಾರ ತನಗೆ ತೋಚಿದ್ದನ್ನು ಕಳಿಸಿಯಾನು. ಸ್ಟಾರ್ ಎಷ್ಟೆಂಬುದನ್ನಷ್ಟೇ ಅಲ್ಲ, ಲೇಬಲ್ ಯಾವ ವರ್ಷದ್ದೆಂಬುದನ್ನೂ ನಮೂದಿಸಬೇಕು. ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೆಯ 5 ಸ್ಟಾರ್ ಹೊಸ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಅತಿ ಕಡಿಮೆ ಬೆಲೆಗೇ ಮಣೆ ಹಾಕುವ ಟೆಂಡರುಗಳಲ್ಲಿ, ಮುಂದಿನ ವರ್ಷಗಳ ಕರೆಂಟ್ ಬಿಲ್ಲನ್ನೂ ಸೇರಿಸಿ ಹೋಲಿಸುವ ಷರತ್ತನ್ನು ಮೊದಲೇ ಬರೆದಿಡುವುದು ಅಗತ್ಯ.